ಇಪ್ಪತ್ತೈದಕ್ಕೆ ಎರಡು ಕಡಿಮೆ

ಜಲ್ಲಿ, ಮರಳು ಮಾರುವ ಯಾರ್ಡಿನ ಗೇಟಿನ ಪಕ್ಕ ಒಂದು ಹತ್ತಡಿ ಕೋಣೆ. ಅದರಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ಲಾರಿ ತೂಗುತ್ತಿದ್ದ ಹೆಂಗಸನ್ನು ಎಲ್ಲರೂ ತೂಕದಕ್ಕ ಎಂದೇ ಕರೆಯುತ್ತಿದ್ದರು. ಲಾರಿ ವೇಬ್ರಿಜ್ ಹತ್ತಿ ನಿಂತರೆ ಪೆಟ್ಟಿಗೆಯೊಳಗೆ ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಕುಣಿಯುತ್ತವೆ, ಆಮೇಲೆ ಒಂದು ಕಡೆ ನಿಲ್ಲುತ್ತವೆ. ನಿಂತದ್ದೇ ತೂಕ. ಡ್ರೈವರು ಗೊಣಗಿದರೂ ಅಷ್ಟೇ, ಯಾರ್ಡಿನ ಯಜಮಾನ ಬಂದು ಸೊಂಟಕ್ಕೆ ಕೈ ಕೊಟ್ಟು ನಿಂತರೂ ಅಷ್ಟೇ. ಹೀಗಾಗಿ ಐವತ್ತೆರಡನೆಯ ವಯಸ್ಸಿನವರೆಗೂ ಆಕೆಗೆ ಯಾವುದು ಸರಿ ಯಾವುದು ತಪ್ಪು ಅನ್ನುವ ವಿಚಾರದಲ್ಲಿ ತಲೆ ಕೆಡಿಸಿಕೊಳ್ಳುವ ಪ್ರಮೇಯವೇ ಬಂದಿರಲಿಲ್ಲ.

ಆಕೆಯನ್ನು ಕಾರಿನ ರೇಸಿಗೆ ಎಳೆದು ತಂದದ್ದು ಅಣ್ಣ. ಅಣ್ಣನದು ಪಂಪ್‌ಸೆಟ್ ರಿಪೇರಿಯ ಅಂಗಡಿ. ಭಾನುವಾರ ಬಂತೆಂದರೆ ಅಪ್ಪ ಬಿಟ್ಟುಹೋದ ಹಳೇ ಕಾರನ್ನು ತೆಗೆದುಕೊಂಡು ಊರಾಚೆ ಬಳಕೆ ತಪ್ಪಿದ ವಿಮಾನದ ಓಡುದಾರಿಗೆ ಹೋಗುತ್ತಿದ್ದ. ಅಲ್ಲಿ ಒಂದು ಕ್ಲಬ್ಬಿನವರು ಡ್ರ್ಯಾಗ್ ರೇಸ್ ನಡೆಸುತ್ತಿದ್ದರು. ಅದೇನು ದೊಡ್ಡ ವಿದ್ಯೆಯಲ್ಲ. ಎರಡು ಕಾರು ಅಕ್ಕಪಕ್ಕ ನಿಲ್ಲುತ್ತವೆ, ಕಂಬದ ಮೇಲೆ ಹಳದಿ ದೀಪ ಆರಿ ಹಸಿರು ಹತ್ತುತ್ತದೆ, ಮೂಗಿನ ನೇರಕ್ಕೆ ಕಾಲು ಮೈಲಿ ಓಡಬೇಕು, ಮೊದಲು ಮುಟ್ಟಿದವರು ಗೆದ್ದರು. ಆದರೆ ಬಲದ ಕಾರಿನ ಎದುರು ಬಡಕಲು ಕಾರನ್ನು ಬಿಡಬಾರದಲ್ಲ, ಅದಕ್ಕೆ ಕ್ಲಾಸುಗಳು. ಎಂಜಿನ್ ಎಷ್ಟು ದೊಡ್ಡದು, ಕಾರು ಎಷ್ಟು ತೂಕ, ಎರಡನ್ನೂ ನೋಡಿ ಸರಿಜೋಡಿ ಹಾಕುತ್ತಿದ್ದರು. ಒಂದು ವರ್ಷ ಕ್ಲಬ್ಬಿನವರು ಚಕ್ರದ ಕೆಳಗಿಡುವ ನಾಲ್ಕು ತೂಕದ ಹಲಗೆ ತರಿಸಿದರು. ಅವು ಒಂದೊಂದು ಸಲ ಒಂದೊಂದು ಅಂಕಿ ತೋರಿಸತೊಡಗಿದಾಗ ಅಣ್ಣ ತಂಗಿಯನ್ನು ಕರೆದುಕೊಂಡು ಬಂದ. ಆಕೆ ನೆಲವನ್ನು ನೋಡಿದಳು, ಹಲಗೆಗಳನ್ನು ಮಟ್ಟವಾದ ಜಾಗಕ್ಕೆ ಸರಿಸಿದಳು, ತೈಲ ಎಷ್ಟಿದೆ ಕೇಳಿದಳು, ಡ್ರೈವರನ್ನು ಒಳಗೆ ಕೂರಿಸಿದಳು, ತೂಗಿದಳು. ಅಂದಿನಿಂದ ಒಂಬತ್ತು ವರ್ಷ ಪ್ರತಿ ಭಾನುವಾರ ಅಲ್ಲಿಯೂ ಅವಳೇ ತೂಕದಕ್ಕ. ಕಾರು ದೂರದಲ್ಲಿ ಬರುತ್ತಿರುವಾಗಲೇ ಅಂದಾಜು ಹೇಳುವಳು, ಹತ್ತು ಕಿಲೋ ಆಚೀಚೆ. ಸ್ವತಃ ಅವಳಿಗೆ ಕಾರು ಓಡಿಸಲು ಬರುತ್ತಿರಲಿಲ್ಲ.

ತೊಂದರೆ ಶುರುವಾದದ್ದು ಅಳಿಯ ಹೊಸ ಕಾರು ಕೊಂಡಾಗ. ಮಗಳ ಗಂಡ, ಔಷಧದ ಗೋದಾಮಿನಲ್ಲಿ ಲೆಕ್ಕ ನೋಡುವವನು, ಬಹಳ ಮೆತ್ತಗಿನ ಹುಡುಗ. ಕಾರು ಕೊಂಡ ಮೂರನೇ ವಾರಕ್ಕೆ, ತಾನೂ ಒಂದು ಕೈ ನೋಡುತ್ತೇನೆ ಎಂದು ಓಡುದಾರಿಗೆ ಬಂದ. ತೂಕದಕ್ಕ ತೂಗಿದಳು. ಎಂಜಿನ್ ಅಳತೆ ಅಣ್ಣನ ಕಾರಿನದ್ದೇ. ತೂಕ ಸ್ವಲ್ಪ ಹೆಚ್ಚೇ ಇತ್ತು, ಆದರೂ ಅದೇ ಕ್ಲಾಸಿನ ಗಡಿಯೊಳಗೆ. ಹೀಗೆ ಸೋದರಮಾವನೂ ಅಳಿಯನೂ ಎದುರುಬದುರಾದರು. ಹಸಿರು ದೀಪ ಹತ್ತಿತು. ಅಣ್ಣನ ಕಾರು ಹೊಗೆಯೆಬ್ಬಿಸಿ, ಚಕ್ರ ಜಾರಿಸಿ, ಗೇರಿಗೊಮ್ಮೆ ಕಿರುಚಿ ಓಡುವಷ್ಟರಲ್ಲಿ ಅಳಿಯನ ಕಾರು ಸದ್ದಿಲ್ಲದೆ ಹೋಗಿ ಮುಟ್ಟಿ, ಆಚೆ ತಿರುಗಲು ಜಾಗ ಹುಡುಕುತ್ತಿತ್ತು.

ಅಣ್ಣ ಇಳಿದು ನೇರ ತೂಕದ ಹಲಗೆಯ ಹತ್ತಿರ ಬಂದ. ಎಂಜಿನ್ ಅಳತೆ ಒಂದೇ ಇದ್ದರೆ ಕಾರು ಒಂದೇ ಆಗಿಬಿಡುತ್ತದೆಯೇ ಎಂದು ಕೇಳಿದ. ಅದರ ಗೇರು ತಾನೇ ಬದಲಾಗುತ್ತದೆ, ಚಕ್ರ ಜಾರುವ ಮೊದಲೇ ಒಳಗಿನ ಕಂಪ್ಯೂಟರು ಹಿಡಿದುಕೊಳ್ಳುತ್ತದೆ, ನಿನ್ನಳಿಯ ಕಾಲು ಒತ್ತಿ ಕೂತಿದ್ದನೇ ಹೊರತು ಇನ್ನೇನೂ ಮಾಡಲಿಲ್ಲ ಎಂದ. ಅವನು ಹೇಳಿದ್ದು ಆಕೆಗೆ ನೂರಕ್ಕೆ ನೂರು ಸರಿ ಅನ್ನಿಸಿತು.

ಸಂಜೆ ಮನೆಗೆ ಅಳಿಯ ಬಂದ. "ಅತ್ತೆ, ನಾನು ಶೋರೂಮಿಂದ ತಂದಿದ್ದು ತಂದ ಹಾಗೇ ಇದೆ. ಒಂದು ಸ್ಕ್ರೂ ಕೂಡ ಮುಟ್ಟಿಲ್ಲ. ಮಾವ ಮುಟ್ಟದೇ ಇರೋ ಸ್ಕ್ರೂ ಒಂದಾದ್ರೂ ಅವರ ಕಾರಲ್ಲಿ ಇದೆಯಾ? ನಾನು ಹೇಗೆ ಮೋಸ ಮಾಡಿದ ಹಾಗಾಯ್ತು ಹೇಳಿ" ಎಂದು ಮೆಲ್ಲಗೆ ಕೇಳಿದ. ಅದೂ ನೂರಕ್ಕೆ ನೂರು ಸರಿ ಅನ್ನಿಸಿತು. ಎರಡು ನೂರು ಸೇರಿ ಆಕೆಯ ತಲೆಯಲ್ಲಿ ಏನೂ ಉಳಿಯಲಿಲ್ಲ. ಮಾರನೇ ದಿನ ಯಾರ್ಡಿನಲ್ಲಿ ತುಂಬಿದ ಲಾರಿಯನ್ನು ಖಾಲಿ ಲಾರಿ ಎಂದು ಬರೆದು, ಚೀಟಿ ಹರಿದು ಮತ್ತೆ ಬರೆದಳು. ಇಪ್ಪತ್ತಾರು ವರ್ಷದಲ್ಲಿ ಅದು ಎರಡನೇ ಸಲ.

ಕ್ಲಬ್ಬಿನ ಅಧ್ಯಕ್ಷರು ಹಲ್ಲಿನ ಡಾಕ್ಟರು. ಎದುರಿಗಿದ್ದವರು ಬಾಯಿ ತೆರೆದುಕೊಂಡು ಕೂತಿದ್ದಾರೆ, ತಿರುಗಿ ಮಾತಾಡಲಾರರು ಎಂಬಂತೆ ನಿಧಾನವಾಗಿ, ಸಮಾಧಾನವಾಗಿ ಮಾತಾಡುವ ಅಭ್ಯಾಸ. ಹಳೇ ಕಾರಿನವರ ದೂರು ದಿನೇದಿನೇ ಹೆಚ್ಚುತ್ತಿದೆ, ಕ್ಲಾಸಿನ ನಿಯಮ ಹೊಸದಾಗಿ ಬರೆಯಬೇಕು, ಬರೆಯುವವರು ಯಾವ ಪಕ್ಷದವರೂ ಆಗಿರಬಾರದು ಎಂದು ಅವರು ಸಭೆಯಲ್ಲಿ ಹೇಳಿದರು. ಇಡೀ ಕ್ಲಬ್ಬಿನಲ್ಲಿ ಕಾರಿಲ್ಲದವಳು ಒಬ್ಬಳೇ. ಎಲ್ಲರೂ ಆಕೆಯ ಕಡೆ ತಿರುಗಿದರು. ಅಣ್ಣ ಒಂದು ಪಕ್ಷ, ಅಳಿಯ ಇನ್ನೊಂದು ಪಕ್ಷ ಎಂದು ಆಕೆ ನೆನಪಿಸಿದಾಗ, ಹಾಗಾದರೆ ತಕ್ಕಡಿ ಸಮ ಆಯಿತಲ್ಲ ಎಂದರು ಡಾಕ್ಟರು. ಜನ ನಕ್ಕರು. ಕೆಲಸ ಆಕೆಯ ಕೊರಳಿಗೆ ಬಿತ್ತು.

ಆಕೆಯ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು. ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಆಕೆ ಒಂದೊಂದು ನಿಯಮ ಓದಿ ಹೇಳಿದರೆ ಅವರು ಅಂಗಡಿಯ ಧಾಟಿಯಲ್ಲೇ, "ಮೊದಲಿನದ್ದು ಚೆನ್ನಾಗಿ ಕಾಣುತ್ತಾ, ಈಗಿಂದು ಚೆನ್ನಾಗಿ ಕಾಣುತ್ತಾ" ಎಂದು ಕೇಳುವರು. ಎರಡೂ ಮಬ್ಬು ಎನ್ನುವಳು ಆಕೆ. ಕೊನೆಗೆ ಸುಲಭವಾದದ್ದನ್ನೇ ಬರೆದಳು. ಇಪ್ಪತ್ತೈದು ವರ್ಷ ದಾಟಿದ ಕಾರಿಗೆ ಹಳೇ ಕ್ಲಾಸು, ಉಳಿದದ್ದಕ್ಕೆ ಹೊಸ ಕ್ಲಾಸು; ವಯಸ್ಸಿಗೆ ನೋಂದಣಿ ಪತ್ರವೇ ಸಾಕ್ಷಿ. ಎಲ್ಲರೂ ತಲೆಯಾಡಿಸಿದರು.

ಹಳೇ ಕ್ಲಾಸಿನಲ್ಲಿ ಅಣ್ಣ ನಾಲ್ಕು ಭಾನುವಾರ ಸಾಲಾಗಿ ಗೆದ್ದ. ಐದನೆಯ ಭಾನುವಾರ ಆಕೆಯ ಹಲಗೆಯ ಮುಂದೆ ನಿವೃತ್ತ ಪೋಸ್ಟ್‌ಮ್ಯಾನ್ ಬಂದು ನಿಂತರು. ಅವರದು ನಲವತ್ತೊಂದು ವರ್ಷದ ಕಾರು. ಕೊಂಡ ದಿನ ಕೊಟ್ಟ ಸ್ಪ್ಯಾನರು, ಸ್ಪ್ಯಾನರು ಸುತ್ತಿಕೊಟ್ಟ ಬಟ್ಟೆ, ಎಲ್ಲಾ ಹಾಗೇ ಇತ್ತು. ಕಾಲು ಮೈಲಿ ಓಡಲು ಹತ್ತೊಂಬತ್ತು ಸೆಕೆಂಡು ಬೇಕು ಅದಕ್ಕೆ. ಅಣ್ಣನ ಕಾರಿಗೆ ಹದಿನೈದೂವರೆ ಸಾಕು.

"ನನ್ನ ಕಾರಿಗೆ ವಯಸ್ಸಾಗಿದೆ ತಾಯಿ, ನನಗಾದ ಹಾಗೆ" ಎಂದರು ಅವರು. "ನಿಮ್ಮಣ್ಣನ ಕಾರಿಗೆ ವಯಸ್ಸಾಗಿರೋದು ಕಾಗದದಲ್ಲಿ ಮಾತ್ರ. ಎಂಜಿನ್ನು ಬೇರೆ, ಗೇರ್‌ಬಾಕ್ಸ್ ಬೇರೆ, ಬ್ರೇಕು ಬೇರೆ. ಹೊಸ ಕಾರಿನವರು ಹೊಡೀತಾರೆ ಅಂತ ಅಲ್ಲಿಂದ ಇಲ್ಲಿಗೆ ಬಂದ. ಇಲ್ಲಿ ನಮ್ಮನ್ನ ಹೊಡೀತಾನೆ. ನಾನು ಎಲ್ಲಿಗೆ ಹೋಗಲಿ?"

ಆ ವಾರ ಆಕೆ ಎಂಜಿನ್ನಿಗೆ ಒಂದು ವಯಸ್ಸು, ಗೇರ್‌ಬಾಕ್ಸಿಗೆ ಒಂದು, ಮೈಗೆ ಒಂದು ಎಂದು ಮೂರು ಗೆರೆ ಎಳೆದು ಲೆಕ್ಕ ಹಾಕಿ ನೋಡಿದಳು. ಅಣ್ಣನ ಕಾರು ಒಟ್ಟಿನ ಮೇಲೆ ಹತ್ತೊಂಬತ್ತು ವರ್ಷದ್ದಾಯಿತು. ಆದರೆ ಕಳೆದ ವರ್ಷವಷ್ಟೇ ಎಂಜಿನ್ ಸುಟ್ಟು, ಬೇರೆ ದಾರಿಯಿಲ್ಲದೆ ಸಿಕ್ಕಿದ್ದನ್ನು ಕೂರಿಸಿಕೊಂಡ ಇನ್ನೊಬ್ಬ ಬಡಪಾಯಿಯ ಕಾರೂ ಹತ್ತೊಂಬತ್ತೇ ಆಯಿತು. ಅವನದು ಓಡುವುದೇ ಕಷ್ಟ. ಅವನನ್ನು ಹೊಸ ಕಾರುಗಳ ನಡುವೆ ನೂಕಿದರೆ ಯಾವ ನ್ಯಾಯ? ಕಾಗದವನ್ನು ಮಡಿಸಿ ಸಕ್ಕರೆ ಡಬ್ಬಿಯ ಕೆಳಗಿಟ್ಟಳು.

ಆಗ ಡಾಕ್ಟರು ಒಂದು ಉಪಾಯ ಹೇಳಿದರು. ದೂರದ ಕ್ಲಬ್ಬುಗಳಲ್ಲಿ ಹೀಗೆ ಮಾಡುತ್ತಾರಂತೆ: ಪ್ರತಿಯೊಬ್ಬರೂ ತಮ್ಮ ಕಾರಿಗೆ ಎಷ್ಟು ಸೆಕೆಂಡು ಬೇಕೆಂದು ಮೊದಲೇ ಬರೆದುಕೊಡುವುದು, ನಿಧಾನದ ಕಾರಿಗೆ ಅಷ್ಟು ಮೊದಲೇ ಹಸಿರು ದೀಪ, ಬರೆದುಕೊಟ್ಟದ್ದಕ್ಕಿಂತ ಬೇಗ ಓಡಿದರೆ ಔಟು. ಹಳತು ಹೊಸತು ಎಂಬ ಜಗಳವೇ ಇಲ್ಲ. ಕೇಳಿ ಆಕೆಗೆ ಎದೆಯ ಮೇಲಿನ ಜಲ್ಲಿ ಇಳಿಸಿದಂತಾಯಿತು. ಒಂದು ಭಾನುವಾರ ಹಾಗೇ ನಡೆಸಿದರು. ಬೆಳಿಗ್ಗೆ ಹತ್ತೊಂಬತ್ತು ಸೆಕೆಂಡಿಗೆ ಓಡಿದ ಪೋಸ್ಟ್‌ಮ್ಯಾನರ ಕಾರು ಬಿಸಿಲೇರಿದ ಮೇಲೆ ಇಪ್ಪತ್ತಕ್ಕೆ ಓಡಿತು, ಮೋಡ ಕವಿದಾಗ ಹದಿನೆಂಟೂವರೆಗೆ ಓಡಿ ಔಟಾಯಿತು. ಅಳಿಯನ ಕಾರು ಬಿಸಿಲಿಗೂ ಮೋಡಕ್ಕೂ ಒಂದೇ, ಹದಿನಾಲ್ಕು ಸೆಕೆಂಡಿನ ಮೇಲೆ ಒಂದು ಕೂದಲೆಳೆ, ಪ್ರತಿ ಸಲವೂ ಅದೇ ಕೂದಲೆಳೆ. ಎಲ್ಲರನ್ನೂ ಸೋಲಿಸಿ ಅವನು ಬಹುಮಾನದ ಕಪ್ಪು ಹಿಡಿದು ನಿಂತಾಗ ಅವನ ಮುಖದಲ್ಲೇ ನಾಚಿಕೆಯಿತ್ತು. ಕಾರಿನೊಳಗಿನ ಕಂಪ್ಯೂಟರಿಗೇ ಕೊಡಿ ಆ ಕಪ್ಪು ಎಂದು ಅಣ್ಣ ಎದ್ದುಹೋದ. ಉಪಾಯ ಒಂದೇ ದಿನಕ್ಕೆ ಮುಗಿಯಿತು.

ಆಕೆ ಮತ್ತೆ ಮೇಜಿಗೆ ಬಂದಳು. ಅಷ್ಟರಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಂಡಿದ್ದಳು: ಎಂಜಿನ್ ಸುಡುತ್ತದೆ, ಗೇರ್‌ಬಾಕ್ಸ್ ಸವೆಯುತ್ತದೆ, ಆದರೆ ಕಾರಿನ ಮೈ ಬದಲಾಗುವುದಿಲ್ಲ. ಕಾಗದ ಬೇಡ. ಕಂಪನಿಯವರು ಮೈಯ ಕಬ್ಬಿಣಕ್ಕೇ ಕುಟ್ಟಿದ ನಂಬರಿನಲ್ಲಿ ಕಾರು ತಯಾರಾದ ವರ್ಷವಿರುತ್ತದೆ, ಅದೇ ವಯಸ್ಸು. ಅಲ್ಲದೆ ಹಳೇ ಕ್ಲಾಸಿನಲ್ಲೇ ಎರಡು ಭಾಗ: ಎಂಜಿನ್ ಬದಲಿಸಿದವರದು ಒಂದು, ಬದಲಿಸದವರದು ಒಂದು. ಅಣ್ಣ ಒಂದರಲ್ಲಿ, ಪೋಸ್ಟ್‌ಮ್ಯಾನ್ ಇನ್ನೊಂದರಲ್ಲಿ. ಇದು ಚೆನ್ನಾಗಿ ಕಾಣುತ್ತದೆ ಎಂದು ಗಂಡನಿಗೆ ಹೇಳಿ ಆ ವಾರ ನೆಮ್ಮದಿಯಿಂದಿದ್ದಳು.

ಭಾನುವಾರ ಟಾರ್ಚು, ಒಂದು ಹರಕು ಬಟ್ಟೆ ಹಿಡಿದು ಹಳೇ ಕಾರುಗಳ ನಂಬರು ನೋಡುತ್ತಾ ಬಂದಳು. ಅಣ್ಣನ ಕಾರು ಆರನೆಯದು. ಅವನು ಬಾನೆಟ್ಟಿನೊಳಗಿನ ತಗಡಿನ ಪಟ್ಟಿ ತೋರಿಸಿ, ಇದೇ ನಂಬರು, ಅಪ್ಪನ ಪತ್ರದಲ್ಲೂ ಇದೇ ಇದೆ, ಬರೆದುಕೋ ಎಂದ. ಆಕೆ ಬರೆದುಕೊಂಡಳು. ಆದರೆ ತಗಡಿನ ಪಟ್ಟಿಯನ್ನು ಮೊಳೆ ಹೊಡೆದು ಕೂರಿಸಿದ್ದು; ನಿಯಮದಲ್ಲಿ ಇದ್ದದ್ದು ಕುಟ್ಟಿದ ನಂಬರು. ಮೊದಲಿನ ಐದು ಕಾರಿನಲ್ಲೂ ಎಡಗಡೆಯ ಸೀಟಿನ ಕೆಳಗೆ ನೋಡಿದ್ದಳು, ಇದರಲ್ಲೂ ನೋಡಲು ಬಾಗಿಲು ತೆರೆದಳು. ಅಲ್ಲೇನೂ ಇಲ್ಲಮ್ಮ, ಬರೀ ಧೂಳು ಎಂದ ಅಣ್ಣ. ಆಕೆ ಅಷ್ಟರಲ್ಲಿ ಮಂಡಿಯೂರಿ ಕಾರ್ಪೆಟ್ಟು ಎತ್ತಿಯಾಗಿತ್ತು.

ಬಟ್ಟೆಯಿಂದ ಉಜ್ಜಿ ಟಾರ್ಚು ಹಿಡಿದಳು. ನಂಬರು ಬೇರೆ. ತಯಾರಾದ ವರ್ಷ ಬೇರೆ. ಬೆರಳು ಮಡಿಸಿ ಎಣಿಸಿದಳು. ಇಪ್ಪತ್ತಮೂರು ವರ್ಷ. ಅಪ್ಪ ಆ ಕಾರು ಕೊಂಡದ್ದು ನಲವತ್ತಾರು ವರ್ಷದ ಕೆಳಗೆ, ಆಕೆ ಶಾಲೆಗೆ ಹೋಗುವ ವಯಸ್ಸಿನಲ್ಲಿ. ಮತ್ತೆ ಉಜ್ಜಿದಳು, ಮತ್ತೆ ಎಣಿಸಿದಳು. ಟಾರ್ಚಿನ ಬೆಳಕಿನಲ್ಲಿ ಅದೇ ಅಂಕಿ ಕದಲದೆ ನಿಂತಿತ್ತು.

ಅಣ್ಣ ಆಕೆಯ ಪಕ್ಕ ಕುಕ್ಕುರುಗಾಲಿನಲ್ಲಿ ಕೂತ. ತಗ್ಗಿದ ದನಿಯಲ್ಲಿ ಎಲ್ಲಾ ಹೇಳಿದ. ಇಪ್ಪತ್ತು ವರ್ಷದ ಕೆಳಗೆ ಆಕೆ ಅಪೆಂಡಿಕ್ಸ್ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಾಗ ಅವನು ಕಾರನ್ನು ಒಂದು ನೀರಿನ ಟ್ಯಾಂಕಿನ ಗೋಡೆಗೆ ಗುದ್ದಿದ್ದ. ಅವನಿಗೇನೂ ಆಗಲಿಲ್ಲ, ಕಾರಿನ ಮೈ ಮಾತ್ರ ಹಿಂಡಿದ ಬಟ್ಟೆಯಂತಾಯಿತು. ಆ ಕಂಪನಿ ಅದೇ ನಮೂನೆಯ ಕಾರನ್ನು ಗೆರೆ ಕೂಡ ಬದಲಿಸದೆ ಮೂವತ್ತು ವರ್ಷ ಮಾಡಿತ್ತು. ಎಂಜಿನ್ ಕೆಟ್ಟು ಮೂಲೆಗೆ ಬಿದ್ದಿದ್ದ ಅಂಥದ್ದೇ ಒಂದು ಕಾರಿನ ಮೈ ಹುಡುಕಿ, ಒಂಬತ್ತು ದಿನ ಅಂಗಡಿಯ ಬಾಗಿಲು ಹಾಕಿಕೊಂಡು, ಒಳಗಿನದ್ದನ್ನೆಲ್ಲ ಅದಕ್ಕೆ ಕೂರಿಸಿ, ಅಪ್ಪನ ಕಾರಿನ ಬಣ್ಣವನ್ನೇ ಬಳಿದು, ಹಳೇ ಮೈಯ ತಗಡಿನ ಪಟ್ಟಿ ಕಿತ್ತು ಇದಕ್ಕೆ ಹೊಡೆದಿದ್ದ. ಅಪ್ಪನಿಗೆ ಹೇಳಲು ಧೈರ್ಯ ಬರಲಿಲ್ಲ. ಅಪ್ಪ ಹತ್ತಿ ಕೂತು, ಬಾಗಿಲು ಈಗ ಚೆನ್ನಾಗಿ ಮುಚ್ಚುತ್ತದಲ್ಲ ಎಂದಿದ್ದರಂತೆ, ಅಷ್ಟೇ. ಆಸ್ಪತ್ರೆಯಿಂದ ತಂಗಿಯನ್ನು ಮನೆಗೆ ಕರೆತಂದದ್ದೂ ಇದರಲ್ಲೇ.

ಆಕೆ ಸೀಟಿನ ಮೇಲೆ ಕೈಯಿಟ್ಟಳು. "ಹಾಗಾದ್ರೆ ಇದು ಅಪ್ಪನ ಕಾರಲ್ವಾ ಅಣ್ಣ?" ಎಂದು ಕೇಳಿದಳು.

"ಅಪ್ಪ ಆಮೇಲೆ ಏಳು ವರ್ಷ ಇದರಲ್ಲೇ ಓಡಾಡಿದ್ರು. ಕೊನೇ ಸಲ ಡಾಕ್ಟರ ಹತ್ರ ಹೋಗಿದ್ದೂ ಇದರಲ್ಲೇ. ಮತ್ತೆ ಯಾರ ಕಾರಮ್ಮ ಇದು?"

ಅಪ್ಪ ಕೊಂಡ ಕಾರು ಇದಲ್ಲ, ಅದು ಗುಜರಿಗೆ ಹೋಗಿ ಎಷ್ಟೋ ಕಾಲವಾಗಿದೆ. ಅಪ್ಪ ಕೂತ ಕಾರು ಇದೇ. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ಮಲಗಿ ಬೀದಿದೀಪ ಎಣಿಸಿದ್ದು ಇದರಲ್ಲಲ್ಲ. ಆದರೆ ಆ ಸೀಟು ಇದೇ, ಕಿತ್ತು ತಂದು ಹಾಕಿದ್ದು. ನಿಯಮದ ಕಾಗದದಲ್ಲಿ ಸೀಟಿನ ವಯಸ್ಸಿಗೆ ಜಾಗವಿರಲಿಲ್ಲ.

ಅಣ್ಣ ಇನ್ನೊಂದು ಮಾತು ಹೇಳಿದ. ಇನ್ನೆರಡು ವರ್ಷ ಕಳೆದರೆ ಇದಕ್ಕೂ ಇಪ್ಪತ್ತೈದು ಆಗುತ್ತದೆ. ಬೇರೆ ಯಾರೂ ನೋಡಿಲ್ಲ. ನೋಡಿರಲಿಲ್ಲವೆನ್ನುವುದು ನಿಜ, ಪೋಸ್ಟ್‌ಮ್ಯಾನ್ ದೂರದಲ್ಲಿ ತಮ್ಮ ಕಾರಿನ ಗಾಜು ಒರೆಸುತ್ತಿದ್ದರು, ಅತ್ತ ಬೆನ್ನು ಹಾಕಿ. ಆಕೆ ಎದ್ದಳು, ಸೀರೆಯ ಧೂಳು ಕೊಡವಿದಳು. "ನೋಡಿದ್ದು ನಾನಲ್ವಾ ಅಣ್ಣ" ಎಂದಳು. ಅಣ್ಣನ ಹೆಸರಿನ ಮುಂದೆ ಇಪ್ಪತ್ತಮೂರು ಎಂದು ಬರೆದು, ಹೊಸ ಕ್ಲಾಸಿನ ಕಟ್ಟಿಗೆ ಆ ಚೀಟಿಯನ್ನು ಸೇರಿಸಿದಳು. ಮುಂದಿನ ಕಾರಿಗೆ ಹೋದಾಗ ಟಾರ್ಚನ್ನು ಪಕ್ಕದವರ ಕೈಗೆ ಕೊಟ್ಟು, ನಂಬರು ಓದಿ ಹೇಳಲು ಕೇಳಿದಳು.

ಮೂರು ವಾರ ಅಣ್ಣ ಮನೆಗೂ ಬರಲಿಲ್ಲ, ಓಡುದಾರಿಗೂ ಬರಲಿಲ್ಲ. ಮಗಳು ಫೋನು ಮಾಡಿ, ಎರಡು ವರ್ಷದ ಸಲುವಾಗಿ ಅಣ್ಣನನ್ನೇ ಕಳೆದುಕೊಳ್ಳುತ್ತೀಯಲ್ಲಮ್ಮ ಎಂದು ಬೈದಳು. ಗಂಡ ಚಹಾ ತಾವೇ ಮಾಡಿಕೊಟ್ಟರು. ಆಕೆಗೆ ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ಗೊತ್ತಾಗುತ್ತಿರಲಿಲ್ಲ. ಒಮ್ಮೆ ಅಣ್ಣನ ಮೇಲೆ, ಇಪ್ಪತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದಕ್ಕೆ. ಒಮ್ಮೆ ತನ್ನ ಮೇಲೆ, ಕಾರ್ಪೆಟ್ಟು ಎತ್ತಿದ್ದಕ್ಕೆ. ನಿಯಮ ಬರೆದದ್ದು ಅಣ್ಣನಿಗೆ ಒಳ್ಳೆಯದಾಗಲೆಂದೇ ಅಲ್ಲವೇ ಎಂದು ಒಮ್ಮೆ. ಹಾಗೆ ಬರೆದಿದ್ದರೆ ಅದು ನಿಯಮ ಹೇಗಾಯಿತು ಎಂದು ಮರುಕ್ಷಣ.

ನಾಲ್ಕನೆಯ ಭಾನುವಾರ ಅಣ್ಣ ಬಂದ. ಹಲಗೆಯ ಮೇಲೆ ಕಾರು ನಿಲ್ಲಿಸಿದ, ತೂಗಿಸಿಕೊಂಡ, ಹೊಸ ಕ್ಲಾಸಿನ ಸಾಲಿಗೆ ಹೋದ. ಜೋಡಿ ಬಿದ್ದದ್ದು ಅಳಿಯನ ಜೊತೆಗೇ. ಹಸಿರು ಹತ್ತಿತು, ಅಣ್ಣ ಹೊರಟ, ಅಳಿಯನ ಕಾರು ನಿಂತಲ್ಲೇ ನಿಂತಿತ್ತು. ಒಂದು, ಎರಡು ಎಣಿಸುವಷ್ಟು ಹೊತ್ತು. ಆಮೇಲೆ ಹೊರಟು ಎಷ್ಟು ಓಡಿದರೂ ಮುಟ್ಟಲಾಗಲಿಲ್ಲ. ಅಣ್ಣ ಗೆದ್ದ.

ಹಳೇ ಕಾರಿನವರೆಲ್ಲ ಚಪ್ಪಾಳೆ ತಟ್ಟಿದರು. ನೋಡಿದಿರಾ, ಕ್ಲಾಸು ಸರಿಯಾಗಿಯೇ ಇದೆ ಎಂದರು ಡಾಕ್ಟರು. ಸರಿಯಾಗಿರುವುದು ಹೇಗೆ, ಒಬ್ಬ ಹೊರಡಲೇ ಇಲ್ಲವಲ್ಲ ಎಂದು ಆಕೆಗೆ ಅನ್ನಿಸಿತು. ಅಳಿಯನನ್ನು ಪಕ್ಕಕ್ಕೆ ಕರೆದು ಕೇಳಿದಳು. ಸೀನು ಬಂತು ಅತ್ತೆ ಎಂದ. ಇನ್ನೊಮ್ಮೆ ಕೇಳಿದಳು. ಸೀನೇ ಬಂತು ಎಂದ, ಆಕೆಯ ಮುಖ ನೋಡದೆ. ಮಗಳನ್ನು ಕೇಳಿದರೆ ಅವಳಿಗೂ ಗೊತ್ತಿಲ್ಲ.

ಅಣ್ಣ ಕಪ್ಪು ಮುಟ್ಟಲಿಲ್ಲ. ನೇರ ಅಳಿಯನ ಹತ್ತಿರ ಬಂದು, "ಮತ್ತೆ ಓಡೋಣ. ಸೀನೋದಿದ್ರೆ ಈಗಲೇ ಸೀನಿಕೊಂಡು ಬನ್ನಿ" ಎಂದ. ಮತ್ತೆ ಓಡಿದರು. ಈ ಸಲ ಇಬ್ಬರೂ ಒಟ್ಟಿಗೆ ಹೊರಟರು, ಅಣ್ಣ ಚಕ್ರ ಜಾರಲು ಬಿಡದೆ ಕಿವಿಗೊಟ್ಟು ಗೇರು ಹಾಕಿದ, ಕಾರು ಯಾವತ್ತೂ ಓಡದಷ್ಟು ಚೆನ್ನಾಗಿ ಓಡಿತು. ಹದಿನೈದು ಸೆಕೆಂಡಿಗೆ ಮುಟ್ಟಿತು. ಅಳಿಯನದು ಹದಿನಾಲ್ಕಕ್ಕೆ.

ಸೋತು ಬಂದ ಅಣ್ಣನ ಮುಖ ಅರಳಿತ್ತು. ತಂಗಿಯ ಹಲಗೆಯ ಪಕ್ಕದ ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಾ, "ಇದು ಸರಿ" ಎಂದ. ಆಕೆಗೆ ಇನ್ನಷ್ಟು ತಬ್ಬಿಬ್ಬಾಯಿತು. ಗೆದ್ದಾಗ ಸರಿಯಿಲ್ಲ, ಸೋತಾಗ ಸರಿ; ಹಾಗಾದರೆ ಮೊದಲ ದಿನ ಸೋತಾಗ ಯಾಕೆ ಸರಿಯಿರಲಿಲ್ಲ ಎಂದು ಕೇಳಿದಳು. ಆವತ್ತಿಗೆ ಆವತ್ತು ಸರಿಯಿರಲಿಲ್ಲ ಎಂದ ಅಣ್ಣ. ಆಮೇಲೆ ಅವನೂ ನಕ್ಕ, ಅವಳೂ ನಕ್ಕಳು, ಯಾಕೆಂದು ಇಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಂದು ಸಂಜೆ ಅವನು ಆಕೆಯನ್ನು ಅದೇ ಕಾರಿನಲ್ಲಿ ಮನೆಗೆ ಬಿಟ್ಟ. ದಾರಿಯುದ್ದಕ್ಕೂ ಅಪ್ಪ ಕಾರು ಓಡಿಸುವಾಗ ಪ್ರತಿ ತಿರುವಿಗೂ ಮೊದಲೇ ಬಾಗುತ್ತಿದ್ದದ್ದನ್ನು ಹೇಳಿಕೊಂಡರು.

ಪೋಸ್ಟ್‌ಮ್ಯಾನ್ ಎಂಜಿನ್ ಬದಲಿಸದವರ ಭಾಗದಲ್ಲಿ ಆ ವರ್ಷ ಎರಡು ಸಲ ಗೆದ್ದರು, ಎರಡು ಸಲವೂ ಎದುರಿನ ಕಾರು ಅರ್ಧ ದಾರಿಯಲ್ಲಿ ನಿಂತುಹೋಗಿ. ಅದು ಗೆದ್ದ ಹಾಗಲ್ಲ ತಾಯಿ ಎಂದು ಅವರೇ ಬಂದು ಹೇಳಿದರು. ಆಕೆ ಅದನ್ನೂ ಕೇಳಿಸಿಕೊಂಡಳು.

ಮರುವರ್ಷದ ಮೊದಲ ಭಾನುವಾರ ಹಲಗೆಯ ಮೇಲೆ ಒಂದು ಬಿಳಿ ಕಾರು ಬಂದು ನಿಂತಿತು. ನಿಂತದ್ದೇ ಗೊತ್ತಾಗಲಿಲ್ಲ, ಅಷ್ಟು ನಿಶ್ಶಬ್ದ. ಓಡಿಸುತ್ತಿದ್ದವರು ಹೈಸ್ಕೂಲಿನ ಗಣಿತದ ಟೀಚರು, ಆಕೆಯದೇ ವಯಸ್ಸು. ತೂಕದಕ್ಕ ಅಂದಾಜು ಕಟ್ಟಿದಳು. ಹಲಗೆ ಅದಕ್ಕಿಂತ ಮುನ್ನೂರು ಕಿಲೋ ಹೆಚ್ಚು ತೋರಿಸಿತು. ಹತ್ತು ವರ್ಷದಲ್ಲಿ ಹಾಗೆ ತಪ್ಪಿರಲಿಲ್ಲ. ಎಂಜಿನ್ ಅಳತೆ ಎಷ್ಟು ಎಂದು ಕೇಳಿದಳು. ಎಂಜಿನ್ನೇ ಇಲ್ಲ, ಬ್ಯಾಟರಿ ಮೇಡಂ ಎಂದರು ಟೀಚರು. ಹಾಗಾದರೆ ತಾವು ಯಾವ ಕ್ಲಾಸು ಎಂದು ಅವರೇ ಕುತೂಹಲದಿಂದ ಕೇಳಿದರು.

ತೂಕದಕ್ಕ ತೂಕ ಬರೆದಳು. ಅದರ ಮುಂದೆ ಕ್ಲಾಸು ಬರೆಯುವ ಮನೆಯನ್ನು ಖಾಲಿ ಬಿಟ್ಟಳು. "ಅಲ್ಲಿ ನೆರಳಲ್ಲಿ ನಿಲ್ಲಿಸಿರಿ ಟೀಚರೇ, ಕೇಳಿ ಹೇಳ್ತೀನಿ" ಎಂದು ಡಾಕ್ಟರನ್ನು ಹುಡುಕಿಕೊಂಡು ಹೊರಟಳು. ಅಣ್ಣ ಆಗಲೇ ಆ ಕಾರಿನ ಸುತ್ತ ಒಂದು ಸುತ್ತು ಬಂದು, ಅದರಡಿ ಏನಿದೆ ಎಂದು ಬಗ್ಗಿ ನೋಡುತ್ತಿದ್ದ.